ನೆಟ್‌ವರ್ಕ್ ಆಡಿಟ್ ಮಾಡುವುದು ಹೇಗೆ: ಅನುಮತಿ ಪತ್ರದಿಂದ ಮರುಪರೀಕ್ಷೆಯವರೆಗೆ

"ನಿಮ್ಮಲ್ಲಿ ಬ್ಯಾಕಪ್ ಇದೆಯಾ?" ಎಂದು ಕೇಳಿ ನೋಡಿ. "ಇಲ್ಲ" ಎನ್ನುವ ಸಂಸ್ಥೆ ಸಿಗುವುದು ಕಷ್ಟ. "ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿದ್ದು ಯಾವಾಗ?" ಎಂದು ಕೇಳಿ. ಈಗ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಎರಡನೇ ಪ್ರಶ್ನೆಯನ್ನು ಜಾಲದ ಕಾವಲುಗಾರನಾದ ಫೈರ್‌ವಾಲ್‌ಗೆ, ಯಂತ್ರಗಳನ್ನು ಜೋಡಿಸುವ ಸ್ವಿಚ್‌ಗೆ, ಬಳಕೆದಾರರ ಖಾತೆಗಳಿಗೆ, ನಡೆದದ್ದು ದಾಖಲಾಗುವ ಲಾಗ್‌ಗಳಿಗೆ, ಕೊನೆಗೆ ಸರ್ವರ್ ಕೋಣೆಯ ಬೀಗಕ್ಕೂ ಕೇಳುವುದೇ ಆಡಿಟ್. ಬಾಯಿಮಾತು ಸಾಲದು. ಕಣ್ಣಾರೆ ನೋಡಬೇಕು, ನೋಡಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ಕಳ್ಳರು ಒಳಬಂದದ್ದು ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ಒಂದು ದೋಷದ ಮೂಲಕ. ಅದಕ್ಕೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ತಿದ್ದುಪಡಿ, ಮಾರ್ಚ್‌ನಲ್ಲೇ ಬಂದಿತ್ತು. ಪ್ಯಾಚ್ ಹಾಕಿ ಎಂದು ಸಂಸ್ಥೆಯೊಳಗೆ ಇಮೇಲ್ ಹೋಗಿತ್ತು. ಸ್ಕ್ಯಾನ್ ಕೂಡ ನಡೆದಿತ್ತು, ಆದರೆ ಅದು ಆ ದೋಷವನ್ನು ಹಿಡಿಯಲಿಲ್ಲ. ಎನ್‌ಕ್ರಿಪ್ಟ್ ಆದ ಟ್ರಾಫಿಕ್ಕನ್ನು ಬಿಚ್ಚಿ ನೋಡಬೇಕಿದ್ದ ಸಾಧನದ ಸರ್ಟಿಫಿಕೇಟ್ ಅವಧಿ ಮುಗಿದು ತಿಂಗಳುಗಳೇ ಆಗಿದ್ದವು. ಜುಲೈ ಕೊನೆಯಲ್ಲಿ ಸರ್ಟಿಫಿಕೇಟ್ ಬದಲಿಸಿದ ಮೇಲೇ ಕಳ್ಳತನ ಕಣ್ಣಿಗೆ ಬಿತ್ತು. ಇಮೇಲ್ ಇತ್ತು, ಸ್ಕ್ಯಾನ್ ಇತ್ತು, ಸಾಧನವೂ ಇತ್ತು. ಅವು ನಿಜಕ್ಕೂ ಕೆಲಸ ಮಾಡುತ್ತಿವೆಯಾ ಎಂದು ನೋಡುವವರು ಬೇಕಿತ್ತು.

ಈ ಮಾರ್ಗದರ್ಶಿ ಅಂಥ ನೋಡುವ ಕೆಲಸಕ್ಕೆ ಇಳಿಯುವವರಿಗೆ. ನೀವು ಸಂಸ್ಥೆಯ ಒಳಗಿನವರೇ ಆಗಿರಬಹುದು, ಹೊರಗಿನಿಂದ ಬಂದವರೂ ಆಗಿರಬಹುದು. ಹಂತಗಳು ಎರಡಕ್ಕೂ ಒಂದೇ.

ಹಂತ 1: ಅನುಮತಿ ಬರಹದಲ್ಲಿ ಇರಲಿ

ಸಹಿಯಾದ ಅನುಮತಿ ಪತ್ರ ಕೈಗೆ ಬರುವ ತನಕ ಒಂದು ಪೋರ್ಟ್ (ಯಂತ್ರದ ಒಂದೊಂದು ಸೇವೆಗೆ ಇರುವ, ಸಂಖ್ಯೆ ಹೊತ್ತ ಬಾಗಿಲು) ಕೂಡ ಸ್ಕ್ಯಾನ್ ಮಾಡಬೇಡಿ. ನೀವು ಅಲ್ಲೇ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಸರಿ. ಅನುಮತಿ ಇಲ್ಲದ ಸ್ಕ್ಯಾನ್ ಮತ್ತು ದಾಳಿಯ ಮೊದಲ ಹೆಜ್ಜೆ, ಲಾಗ್‌ನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಪತ್ರದಲ್ಲಿ ಇರಬೇಕಾದದ್ದು ಇಷ್ಟು: ಯಾವ ಐಪಿ ವಿಳಾಸಗಳು, ಯಾವ ಕಟ್ಟಡಗಳು, ಯಾವ ಕ್ಲೌಡ್ ಖಾತೆಗಳು ಆಡಿಟ್‌ಗೆ ಒಳಪಡುತ್ತವೆ. ಯಾವುದನ್ನು ಮುಟ್ಟಬಾರದು. ಸ್ಕ್ಯಾನ್ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ. ಏನಾದರೂ ನಿಂತುಹೋದರೆ ಯಾರಿಗೆ ಫೋನ್ ಮಾಡಬೇಕು. ಸಹಿ ಹಾಕುವವರಿಗೆ ಆ ಅಧಿಕಾರ ನಿಜಕ್ಕೂ ಇದೆಯಾ ಎಂಬುದನ್ನೂ ನೋಡಿ. ಬೇರೆಯವರ ಸರ್ವರ್‌ನಲ್ಲಿ ನಡೆಯುವ ವೆಬ್‌ಸೈಟ್ ಇದ್ದರೆ, ಆ ಹೋಸ್ಟಿಂಗ್ ಕಂಪನಿಯ ನಿಯಮವನ್ನೂ ಓದಬೇಕು.

ಇನ್ನೊಂದು ಮಾತು ಹಲವರು ಮರೆಯುತ್ತಾರೆ. ಆಡಿಟ್‌ನಲ್ಲಿ ನೀವು ಒಟ್ಟು ಮಾಡುವ ಮಾಹಿತಿಯೇ ಕಳ್ಳನಿಗೆ ಸಿದ್ಧ ನಕ್ಷೆ. ಅದನ್ನು ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನಲ್ಲಿಡಿ, ಯಾರ ಕೈಗೆ ಕೊಡುತ್ತೀರಿ, ಯಾವ ತಾರೀಖಿಗೆ ಅಳಿಸುತ್ತೀರಿ ಎಂಬುದನ್ನೂ ಪತ್ರದಲ್ಲೇ ಬರೆಯಿರಿ.

ಹಂತ 2: ಅಳತೆಗೋಲು ಆರಿಸಿಕೊಳ್ಳಿ

ಯಾವುದಕ್ಕೆ ಹೋಲಿಸಿ "ಸರಿ" ಅಥವಾ "ತಪ್ಪು" ಎನ್ನುತ್ತೀರಿ? ಅದು ಮೊದಲೇ ನಿರ್ಧಾರವಾಗಬೇಕು. ಇಲ್ಲದಿದ್ದರೆ ಆಡಿಟ್ ನಿಮ್ಮ ಸ್ವಂತ ಅಭಿಪ್ರಾಯವಾಗಿಬಿಡುತ್ತದೆ. ಪ್ರಮಾಣಪತ್ರ ಬೇಕಾದ ಸಂಸ್ಥೆಗಳು ಐಎಸ್‌ಒ 27001 ಎಂಬ ಅಂತರರಾಷ್ಟ್ರೀಯ ಮಾನದಂಡ ಹಿಡಿಯುತ್ತವೆ. ಅದರ 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣಗಳಿವೆ. ಅಮೆರಿಕದ ಎನ್ಐಎಸ್‌ಟಿ ಸಂಸ್ಥೆಯ ಸೈಬರ್ ಭದ್ರತಾ ಚೌಕಟ್ಟಿನ ಎರಡನೇ ಆವೃತ್ತಿ 2024ರಲ್ಲಿ ಬಂತು. ಆಡಳಿತದವರ ಜೊತೆ ಮಾತಾಡಲು ಅದು ಅನುಕೂಲ. ಕಾರ್ಡ್ ಮೂಲಕ ಹಣ ಪಡೆಯುವವರಿಗೆ ಪಿಸಿಐ ಡಿಎಸ್‌ಎಸ್ ಎಂಬ ಮಾನದಂಡ ತಪ್ಪಿದ್ದಲ್ಲ.

ಮೊದಲ ಸಲ ಆಡಿಟ್ ಮಾಡುವ ಸಣ್ಣ ಅಥವಾ ಮಧ್ಯಮ ಸಂಸ್ಥೆಗೆ ನಾನು ಹೇಳುವುದು ಸಿಐಎಸ್ ಕಂಟ್ರೋಲ್ಸ್. ಎಂಟನೇ ಆವೃತ್ತಿಯಲ್ಲಿ 18 ಮುಖ್ಯ ನಿಯಂತ್ರಣಗಳು, ಅವುಗಳ ಕೆಳಗೆ 153 ಕ್ರಮಗಳು. ಅದರಲ್ಲಿ 56 ಕ್ರಮಗಳನ್ನು ಎಲ್ಲರಿಗೂ ಬೇಕಾದ ಕನಿಷ್ಠ ಎಂದು ಬೇರೆ ಮಾಡಿ ಇಟ್ಟಿದ್ದಾರೆ. ಆ 56ರಿಂದಲೇ ಶುರು ಮಾಡಿ. ಭಾಷೆ ನೇರವಾಗಿದೆ, ಏನು ಮಾಡಬೇಕು ಎಂಬುದು ಓದಿದ ಕೂಡಲೇ ತಿಳಿಯುತ್ತದೆ.

ಹಂತ 3: ಏನೇನಿದೆ ಎಂದು ಎಣಿಸಿ

ಇಲ್ಲಿ ಸಮಯ ಕೊಡಿ, ಜಾಸ್ತಿಯೇ ಕೊಡಿ. ಇದೆ ಎಂದೇ ಗೊತ್ತಿಲ್ಲದ ಯಂತ್ರಕ್ಕೆ ಯಾರೂ ಪ್ಯಾಚ್ ಹಾಕುವುದಿಲ್ಲ.

ಒಂದೇ ಪಟ್ಟಿಯನ್ನು ನಂಬಬೇಡಿ, ನಾಲ್ಕು ಕಡೆಯಿಂದ ತನ್ನಿ. ಮೊದಲನೆಯದು ಖರೀದಿ ದಾಖಲೆ ಅಥವಾ ಆಸ್ತಿ ಪಟ್ಟಿ. ಎರಡನೆಯದು ಡಿಎಚ್‌ಸಿಪಿ ಸರ್ವರ್ ಹಂಚಿರುವ ವಿಳಾಸಗಳು. ಮೂರನೆಯದು ಪ್ರತಿ ಸ್ವಿಚ್‌ನ ಮ್ಯಾಕ್ ವಿಳಾಸಗಳ (ಯಂತ್ರದ ನೆಟ್‌ವರ್ಕ್ ಭಾಗದ ಗುರುತು ಸಂಖ್ಯೆಗಳ) ಕೋಷ್ಟಕ. ನಾಲ್ಕನೆಯದು ಆಂಟಿವೈರಸ್ ನಿರ್ವಹಣಾ ಪರದೆಯಲ್ಲಿ ಕಾಣುವ ಯಂತ್ರಗಳು. ಇದರ ಮೇಲೆ ನೀವೇ ಎನ್‌ಮ್ಯಾಪ್ ಎಂಬ ಸ್ಕ್ಯಾನ್ ತಂತ್ರಾಂಶದಿಂದ ಪ್ರತಿ ಸಬ್‌ನೆಟ್ (ಜಾಲದ ಒಂದು ಭಾಗ) ಮೇಲೆ ಒಂದು ಪಿಂಗ್ ಸ್ಕ್ಯಾನ್ ಮಾಡಿ, ಅಂದರೆ ಪ್ರತಿ ವಿಳಾಸಕ್ಕೂ "ಇದ್ದೀಯಾ" ಎಂದು ಕೇಳಿ. ಪಿಂಗ್‌ಗೆ ಉತ್ತರ ಕೊಡದ ಯಂತ್ರಗಳೂ ಇರುತ್ತವೆ, ಆದ್ದರಿಂದ ಒಳಗಿನ ಜಾಲದಲ್ಲಿ ಮ್ಯಾಕ್ ವಿಳಾಸವನ್ನೇ ಕೇಳುವ ಎಆರ್‌ಪಿ ಸ್ಕ್ಯಾನ್ ಹೆಚ್ಚು ಭರವಸೆಯದು.

ಈಗ ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಪಕ್ಕಪಕ್ಕ ಇಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಪ್ರತಿ ಸಾಲೂ ಒಂದು ಪ್ರಶ್ನೆ. ಜಾಲದಲ್ಲಿದೆ, ಆಂಟಿವೈರಸ್ ಪಟ್ಟಿಯಲ್ಲಿಲ್ಲ. ಯಾಕೆ? ಆಸ್ತಿ ಪಟ್ಟಿಯಲ್ಲಿದೆ, ಆರು ತಿಂಗಳಿಂದ ಜಾಲಕ್ಕೇ ಬಂದಿಲ್ಲ. ಆ ಲ್ಯಾಪ್‌ಟಾಪ್ ಎಲ್ಲಿದೆ?

ಒಮ್ಮೆ ಹೀಗೆ ನೋಡುವಾಗ ಒಂದು ಸ್ವಿಚ್‌ನ 17ನೇ ಪೋರ್ಟ್ (ಇಲ್ಲಿ, ಕೇಬಲ್ ಹಾಕುವ ಕಿಂಡಿ) ಮೇಲೆ ಕಣ್ಣು ನಿಂತಿತು. ನಕ್ಷೆಯ ಪ್ರಕಾರ ಅಲ್ಲಿ ಒಂದು ಪ್ರಿಂಟರ್ ಇರಬೇಕು. ಮ್ಯಾಕ್ ಕೋಷ್ಟಕದಲ್ಲಿ 11 ವಿಳಾಸಗಳಿದ್ದವು. ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿ ಅಂಕೆಗಳು ಸಾಮಾನ್ಯವಾಗಿ ತಯಾರಕರು ಯಾರೆಂದು ಹೇಳುತ್ತವೆ. ಅವುಗಳಲ್ಲಿ ಒಂದು ಮನೆಬಳಕೆಯ ವೈಫೈ ರೂಟರ್ ಮಾಡುವ ಕಂಪನಿಯದು. ಕೇಬಲ್ ಹಿಡಿದು ಹೋದೆವು. ಅದು ಕಪಾಟಿನ ಹಿಂದೆ ಸಾಗಿ ಒಂದು ಪುಟ್ಟ ರೂಟರ್‌ಗೆ ಸೇರಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್. ಆ ಮೂಲೆಗೆ ಸಿಗ್ನಲ್ ಬರುವುದಿಲ್ಲ, ಕೇಳಿ ಕೇಳಿ ಸಾಕಾಗಿ ತಾವೇ ತಂದಿಟ್ಟೆವು ಎಂದರು ಅಲ್ಲಿ ಕೂರುವವರು. ಅವರ ತೊಂದರೆ ನಿಜವಾದದ್ದೇ ಅಲ್ವಾ? ವರದಿಯಲ್ಲಿ ನಾನು ಎರಡು ಮಾತು ಬರೆದೆ. ರೂಟರ್ ತೆಗೆಯಬೇಕು, ಅದೇ ವಾರ ಆ ಮೂಲೆಗೆ ಸಂಸ್ಥೆಯದೇ ಆಕ್ಸೆಸ್ ಪಾಯಿಂಟ್ ಬರಬೇಕು. ಎರಡನೆಯದು ಆಗದಿದ್ದರೆ ಮೊದಲನೆಯದು ನಿಲ್ಲುವುದಿಲ್ಲ.

ಕ್ಯಾಮೆರಾ, ಬಾಗಿಲ ಕಾರ್ಡ್ ರೀಡರ್, ಹಾಜರಿ ಯಂತ್ರ, ಮೀಟಿಂಗ್ ಕೋಣೆಯ ಟಿವಿ, ಇವನ್ನೂ ಎಣಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶದ ದಾಳಿ ನಡೆದದ್ದು ಇಂಥ ಸಾಧನಗಳಿಂದಲೇ. ಕಾರ್ಖಾನೆಯಿಂದ ಬಂದ ಹೆಸರು-ಪಾಸ್‌ವರ್ಡ್ ಜೋಡಿಗಳ ಸುಮಾರು 60 ಸಾಲಿನ ಪಟ್ಟಿ ಸಾಕಾಯಿತು, ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳು ದಾಳಿಕೋರರ ಕೈವಶವಾದವು.

ಹಂತ 4: ಜಾಲದ ಒಳಗೋಡೆಗಳನ್ನು ಪರೀಕ್ಷಿಸಿ

ಒಂದು ಯಂತ್ರ ಕಳ್ಳನ ಕೈಗೆ ಸಿಕ್ಕರೆ ಅಲ್ಲಿಂದ ಅವನು ಎಲ್ಲಿಗೆಲ್ಲ ಹೋಗಬಹುದು? ಇದನ್ನು ನೋಡಲು ನಕ್ಷೆ ಬೇಡ, ಒಂದು ಲ್ಯಾಪ್‌ಟಾಪ್ ಸಾಕು. ಅತಿಥಿಗಳ ವೈಫೈಗೆ ಸೇರಿ, ಅಲ್ಲಿಂದ ಸರ್ವರ್‌ಗಳ ವಿಳಾಸಕ್ಕೆ ಪ್ರಯತ್ನಿಸಿ. ಸ್ವಿಚ್‌ನ ಲಾಗಿನ್ ಪುಟ ತೆರೆಯುತ್ತದಾ ನೋಡಿ. ಆಮೇಲೆ ಸ್ವಾಗತ ಕೋಣೆಯ ಗೋಡೆಯ ನೆಟ್‌ವರ್ಕ್ ಸಾಕೆಟ್‌ಗೆ ಕೇಬಲ್ ಹಾಕಿ. ಐಪಿ ವಿಳಾಸ ಸಿಕ್ಕಿತಾ? ಸಿಕ್ಕರೆ ಯಾವ ವಿಎಲ್ಯಾನ್‌ನದು, ಅಂದರೆ ಸ್ವಿಚ್‌ನಲ್ಲಿ ಬೇರೆ ಮಾಡಿದ ಜಾಲದ ಯಾವ ಭಾಗದ್ದು? ಕ್ಯಾಮೆರಾ ಇರುವ ಭಾಗದಿಂದ ಲೆಕ್ಕಪತ್ರ ವಿಭಾಗದ ಸರ್ವರ್‌ಗೆ ದಾರಿ ಇದೆಯಾ?

2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಹೋದದ್ದು ಹೀಗೆಯೇ. ಕಳ್ಳರ ಕೈಗೆ ಮೊದಲು ಸಿಕ್ಕಿದ್ದು ತಂಪು-ಹವೆ ಯಂತ್ರಗಳ ಕೆಲಸ ಮಾಡುವ ಗುತ್ತಿಗೆದಾರರ ಲಾಗಿನ್. ಅಲ್ಲಿಂದ ಹಣ ಪಾವತಿಯ ಯಂತ್ರಗಳ ತನಕ ಹೋಗಲು ಅವರಿಗೆ ದಾರಿ ಸಿಕ್ಕಿತು. ನಿಮ್ಮಲ್ಲಿ ಹೊರಗಿನ ಗುತ್ತಿಗೆದಾರರು ಯಾವ ದಾರಿಯಲ್ಲಿ ಬರುತ್ತಾರೆ, ಅವರಿಗೆ ಎಷ್ಟು ದೂರ ಕಾಣುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ.

ಹಂತ 5: ಫೈರ್‌ವಾಲ್ ನಿಯಮಗಳನ್ನು ಸಾಲು ಸಾಲಾಗಿ ಓದಿ

ಸ್ಕ್ರೀನ್‌ಶಾಟ್ ಬೇಡ ಅನ್ನಿ. ಪೂರ್ತಿ ಕಾನ್ಫಿಗರೇಶನ್ ಫೈಲನ್ನೇ ಕೇಳಿ, ನಿಮ್ಮ ಎದುರಿಗೇ ಎಕ್ಸ್‌ಪೋರ್ಟ್ ಮಾಡಿಸಿ. ಜೊತೆಗೆ ಪ್ರತಿ ನಿಯಮದ ಹಿಟ್ ಕೌಂಟ್ ತನ್ನಿ, ಅಂದರೆ ಆ ನಿಯಮ ಎಷ್ಟು ಸಲ ಬಳಕೆಯಾಗಿದೆ ಎಂಬ ಲೆಕ್ಕ. 200 ನಿಯಮ ಇದ್ದರೆ 200 ಓದಿ. ಬೇಸರದ ಕೆಲಸ, ಆದರೆ ಇಲ್ಲಿ ಸಿಗುವಷ್ಟು ವಿಷಯ ಬೇರೆಲ್ಲೂ ಸಿಗುವುದಿಲ್ಲ.

ಏನು ಹುಡುಕಬೇಕು? ಎಲ್ಲಿಂದ ಬೇಕಾದರೂ ಎಲ್ಲಿಗೆ ಬೇಕಾದರೂ ಬಿಡುವ ನಿಯಮ. ಯಾರು, ಯಾಕೆ ಹಾಕಿದರು ಎಂಬ ಟಿಪ್ಪಣಿ ಇಲ್ಲದ ನಿಯಮ. ಒಂದು ವರ್ಷದಿಂದ ಒಮ್ಮೆಯೂ ಬಳಕೆಯಾಗದ ನಿಯಮ. ಮೇಲಿನ ದೊಡ್ಡ ನಿಯಮದ ಕೆಳಗೆ ಸಿಕ್ಕಿ, ಎಂದೂ ಕೆಲಸಕ್ಕೇ ಬಾರದ ತಡೆ. ಒಳಗಿನಿಂದ ಹೊರಗೆ ಹೋಗುವುದಕ್ಕೆ ಏನೂ ತಡೆ ಇಲ್ಲದಿರುವುದನ್ನೂ ಗುರುತು ಹಾಕಿ. ಕದ್ದ ಮಾಹಿತಿ ಹೋಗುವುದು ಆ ದಿಕ್ಕಿನಲ್ಲೇ.

ಒಂದು ಕಡೆ 43ನೇ ನಿಯಮದ ಟಿಪ್ಪಣಿ ಹೀಗಿತ್ತು: "ತಾತ್ಕಾಲಿಕ, ವೆಂಡರ್ ಕೆಲಸಕ್ಕೆ, ಶುಕ್ರವಾರ ತೆಗೆಯಬೇಕು." ಯಾವ ಶುಕ್ರವಾರ ಎಂದು ಬರೆದಿರಲಿಲ್ಲ. ಆ ನಿಯಮ ಇಂಟರ್ನೆಟ್‌ನಿಂದ ಒಂದು ಸರ್ವರ್‌ನ 3389ನೇ ಪೋರ್ಟ್‌ಗೆ, ಅಂದರೆ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ಗೆ ನೇರ ದಾರಿ ಕೊಡುತ್ತಿತ್ತು. ಆ ವೆಂಡರ್ ಜೊತೆಗಿನ ಒಪ್ಪಂದ ಮುಗಿದು ಎರಡು ವರ್ಷವಾಗಿತ್ತು. ಪರದೆಯಲ್ಲಿ ಹಿಟ್ ಕೌಂಟ್ ನೋಡುತ್ತಾ ಕೂತೆ. ನಾನು ನೋಡುತ್ತಿದ್ದ ಹಾಗೇ ಸಂಖ್ಯೆ ಏರುತ್ತಿತ್ತು. ಸರ್ವರ್‌ನ ಲಾಗ್ ತೆರೆದರೆ, ಬೇರೆ ಬೇರೆ ವಿಳಾಸಗಳಿಂದ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು, ನಿಮಿಷಕ್ಕೆ ಹತ್ತಾರು. ಇಂಥದ್ದು ಸಿಕ್ಕರೆ ವರದಿಗೆ ಕಾಯಬೇಡಿ. ಅದೇ ಗಂಟೆ ಫೋನ್ ಮಾಡಿ. ನಿಯಮ ಮುಚ್ಚಿಸಿದ ಮೇಲೆ, ಇಷ್ಟು ದಿನದಲ್ಲಿ ಯಾವುದಾದರೂ ಪ್ರಯತ್ನ ಗೆದ್ದಿದೆಯಾ ಎಂದು ಲಾಗ್ ಹುಡುಕಬೇಕು. ಬಾಗಿಲು ಮುಚ್ಚಿದರೆ ಸಾಲದು, ಯಾರಾದರೂ ಈಗಾಗಲೇ ಒಳಗಿದ್ದಾರಾ ಎಂದೂ ನೋಡಬೇಕು.

ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಮರೆಯಬೇಡಿ. ಐಪಿವಿ4ಗೆ ಬಿಗಿಯಾದ ನಿಯಮ ಬರೆದು, ಐಪಿವಿ6 ಅನ್ನು ಹಾಗೇ ತೆರೆದಿಟ್ಟಿರುವುದು ಸಾಮಾನ್ಯ. "ನಾವು ಅದನ್ನು ಬಳಸುವುದೇ ಇಲ್ಲ" ಎನ್ನುತ್ತಾರೆ. ಇಂದಿನ ವಿಂಡೋಸ್, ಲಿನಕ್ಸ್‌ಗಳಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ.

ಇದೇ ಹೊತ್ತಿಗೆ ಸ್ವಿಚ್ ಮತ್ತು ರೂಟರ್‌ಗಳನ್ನೂ ನೋಡಿಬಿಡಿ. ದೂರದಿಂದ ಲಾಗಿನ್ ಆಗುವ ಹಳೆಯ ದಾರಿಯಾದ 23ನೇ ಪೋರ್ಟ್‌ನ ಟೆಲ್ನೆಟ್ ಇನ್ನೂ ನಡೆಯುತ್ತಿದೆಯಾ? ಅದರಲ್ಲಿ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಹೋಗುತ್ತದೆ. ಸಾಧನಗಳ ಸ್ಥಿತಿ ದೂರದಿಂದ ನೋಡುವ ಎಸ್‌ಎನ್‌ಎಂಪಿಯ ಗುಪ್ತಪದ ಇನ್ನೂ "ಪಬ್ಲಿಕ್" ಎಂದೇ ಇದೆಯಾ? ಫರ್ಮ್‌ವೇರ್ ಯಾವ ವರ್ಷದ್ದು?

ಹಂತ 6: ಹೊರಗೆ ನಿಂತು ನೋಡಿ

ಸಂಸ್ಥೆಯ ಜಾಲದಿಂದ ಹೊರಬಂದು, ಬೇರೊಂದು ಇಂಟರ್ನೆಟ್ ಸಂಪರ್ಕದಿಂದ ಅವರ ಸಾರ್ವಜನಿಕ ವಿಳಾಸಗಳನ್ನು ಸ್ಕ್ಯಾನ್ ಮಾಡಿ. ಎನ್‌ಮ್ಯಾಪ್ ಸುಮ್ನೆ ಓಡಿಸಿದರೆ ಹೆಚ್ಚು ಬಳಕೆಯಲ್ಲಿರುವ 1,000 ಟಿಸಿಪಿ ಪೋರ್ಟ್‌ಗಳನ್ನು ಮಾತ್ರ ನೋಡುತ್ತದೆ. ಇರುವುದು 65,535. ಎಲ್ಲವನ್ನೂ ನೋಡು ಎಂದು ಹೇಳಬೇಕು. ರಿಮೋಟ್ ಡೆಸ್ಕ್‌ಟಾಪ್, 445ನೇ ಪೋರ್ಟ್‌ನ ಫೈಲ್ ಹಂಚಿಕೆ, ಡೇಟಾಬೇಸ್‌ಗಳು, ಫೈರ್‌ವಾಲ್‌ನದೇ ನಿರ್ವಹಣಾ ಪುಟ, ಇವು ಯಾವುದೂ ಹೊರಗೆ ಕಾಣಬಾರದು.

ಮರೆತುಹೋದ ವೆಬ್‌ಸೈಟ್‌ಗಳನ್ನು ಹುಡುಕಲು ಒಂದು ಒಳ್ಳೆಯ ದಾರಿ ಇದೆ. ಸಾರ್ವಜನಿಕ ಸರ್ಟಿಫಿಕೇಟ್‌ಗಳು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ಗಳಲ್ಲಿ ದಾಖಲಾಗುತ್ತವೆ, ಅದನ್ನು ಯಾರು ಬೇಕಾದರೂ ಹುಡುಕಬಹುದು. ಸಂಸ್ಥೆಯ ಡೊಮೇನ್ ಹೆಸರು ಹಾಕಿ ನೋಡಿ. "ಟೆಸ್ಟ್", "ಓಲ್ಡ್", "ಡೆಮೊ" ಎಂದು ಶುರುವಾಗುವ ವಿಳಾಸಗಳು ಸಿಕ್ಕರೆ ಒಂದೊಂದನ್ನೂ ತೆರೆಯಿರಿ. ವೆಬ್ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳಾದ 1.0 ಮತ್ತು 1.1 ಇನ್ನೂ ಚಾಲೂ ಇದ್ದರೆ ಬರೆದುಕೊಳ್ಳಿ, 2021ರಲ್ಲೇ ಅವನ್ನು ಅಧಿಕೃತವಾಗಿ ಕೈಬಿಡಲಾಗಿದೆ.

ಹಂತ 7: ದೋಷಗಳ ಸ್ಕ್ಯಾನ್ ಮತ್ತು ಪ್ಯಾಚ್

ನೆಸಸ್, ಓಪನ್‌ವಾಸ್‌ನಂಥ ಸ್ಕ್ಯಾನರ್‌ಗಳು ಇಲ್ಲಿ ಬೇಕು. ಲಾಗಿನ್ ಕೊಟ್ಟು ಸ್ಕ್ಯಾನ್ ಮಾಡಿ. ಲಾಗಿನ್ ಇಲ್ಲದ ಸ್ಕ್ಯಾನ್ ಮನೆಯನ್ನು ಬೀದಿಯಿಂದ ನೋಡಿದಂತೆ, ಒಳಗಿನ ಹಳೆಯ ತಂತ್ರಾಂಶ ಅದಕ್ಕೆ ಕಾಣುವುದೇ ಇಲ್ಲ. ಹಳೆಯ ಪ್ರಿಂಟರ್, ಕಾರ್ಖಾನೆಯ ನಿಯಂತ್ರಕಗಳು, ಆಸ್ಪತ್ರೆಯ ಉಪಕರಣಗಳು ಸ್ಕ್ಯಾನ್ ತಾಳಲಾರದೆ ನಿಂತುಹೋಗಬಹುದು. ಅವನ್ನು ಪಟ್ಟಿಯಿಂದ ಹೊರಗಿಡಿ, ಕೈಯಾರೆ ಪರೀಕ್ಷಿಸಿ.

ಸ್ಕ್ಯಾನರ್ ಹೇಳಿದ್ದನ್ನೆಲ್ಲ ವರದಿಗೆ ಸುರಿಯುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಪ್ರತಿ ಗಂಭೀರ ದೋಷವನ್ನೂ ಆ ಯಂತ್ರದಲ್ಲೇ ಖಚಿತ ಮಾಡಿಕೊಳ್ಳಿ. ಆವೃತ್ತಿ ಸಂಖ್ಯೆ ಹಳೆಯದೆಂದು ಕಂಡರೂ, ಲಿನಕ್ಸ್ ವಿತರಣೆಗಳು ಎಷ್ಟೋ ಸಲ ಸಂಖ್ಯೆ ಬದಲಿಸದೆ ತಿದ್ದುಪಡಿ ಮಾತ್ರ ಸೇರಿಸಿರುತ್ತವೆ.

ಸಾವಿರ ದೋಷ ಸಿಕ್ಕಾಗ ಯಾವುದು ಮೊದಲು? ದೋಷದ ತೀವ್ರತೆ ಹೇಳುವ ಸಿವಿಎಸ್‌ಎಸ್ ಅಂಕ 10ಕ್ಕೆ ಎಷ್ಟು ಎಂದು ನೋಡಿ ಸಾಲಾಗಿ ಹೋಗುವುದು ಹಲವರ ಅಭ್ಯಾಸ. ನನ್ನ ಕ್ರಮ ಬೇರೆ. ಅಮೆರಿಕದ ಸಿಐಎಸ್‌ಎ ಸಂಸ್ಥೆ 2021ರಿಂದ, ನಿಜವಾದ ದಾಳಿಗಳಲ್ಲಿ ಬಳಕೆಯಾಗಿರುವ ದೋಷಗಳ ಪಟ್ಟಿ ಪ್ರಕಟಿಸುತ್ತಿದೆ. ಆ ಪಟ್ಟಿಯಲ್ಲಿದ್ದು, ಇಂಟರ್ನೆಟ್‌ಗೆ ತೆರೆದ ಯಂತ್ರದಲ್ಲೂ ಇದ್ದರೆ, ಅದೇ ಮೊದಲು. ಅಂಕ ಆಮೇಲೆ.

ಪ್ಯಾಚ್ ಹಾಕುವ ಪದ್ಧತಿ ಸರಿ ಇದೆಯಾ ಎಂದು ತಿಳಿಯಲು ಹತ್ತು ಯಂತ್ರ ಆರಿಸಿ. ನೀವೇ ಆರಿಸಿ, ಅವರಿಗೆ ಆರಿಸಲು ಬಿಡಬೇಡಿ. ಪ್ಯಾಚ್ ಬಿಡುಗಡೆಯಾದ ದಿನ ಮತ್ತು ಆ ಯಂತ್ರಕ್ಕೆ ಬಿದ್ದ ದಿನ, ನಡುವೆ ಎಷ್ಟು ದಿನ ಎಂದು ಲೆಕ್ಕ ಹಾಕಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ತಂತ್ರಾಂಶದ ದಾಳಿ ಶುರುವಾದದ್ದು 2017ರ ಮೇ 12ರಂದು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಪ್ಯಾಚ್ ಕೊಟ್ಟಿತ್ತು. 59 ದಿನ. ನಿಮ್ಮ ಹತ್ತು ಯಂತ್ರಗಳಲ್ಲಿ ಎಷ್ಟು ಈ 59ರೊಳಗೆ ಬರುತ್ತವೆ ಎಂದು ಆಡಳಿತದವರಿಗೆ ತೋರಿಸಿ, ಬೇರೆ ವಿವರಣೆ ಬೇಕಾಗುವುದಿಲ್ಲ. ಬೆಂಬಲ ಮುಗಿದ ತಂತ್ರಾಂಶವನ್ನು ಬೇರೆ ಪಟ್ಟಿ ಮಾಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಂತಿದೆ.

ಹಂತ 8: ಯಾರ ಕೈಯಲ್ಲಿ ಯಾವ ಕೀಲಿ

ಸಿಬ್ಬಂದಿ ವಿಭಾಗಕ್ಕೆ ಹೋಗಿ, ಕಳೆದ ಆರು ತಿಂಗಳಲ್ಲಿ ಕೆಲಸ ಬಿಟ್ಟವರ ಪಟ್ಟಿ ತೆಗೆದುಕೊಳ್ಳಿ. ಅದನ್ನು ಆಕ್ಟಿವ್ ಡೈರೆಕ್ಟರಿ (ವಿಂಡೋಸ್ ಜಾಲದ ಖಾತೆಗಳ ಪಟ್ಟಿ), ವಿಪಿಎನ್ (ಹೊರಗಿನಿಂದ ಜಾಲಕ್ಕೆ ಬರುವ ಸುರಕ್ಷಿತ ದಾರಿ), ಕ್ಲೌಡ್ ಇಮೇಲ್, ಹಣಕಾಸು ತಂತ್ರಾಂಶ, ಕೋಡ್ ಇಡುವ ಜಾಗ, ಒಂದೊಂದರ ಬಳಕೆದಾರರ ಪಟ್ಟಿಗೂ ಹೋಲಿಸಿ. ಡೈರೆಕ್ಟರಿಯಲ್ಲಿ ಮುಚ್ಚಿದ ಖಾತೆ ಬೇರೆ ಕಡೆ ಜೀವಂತವಾಗಿರುವುದೇ ಹೆಚ್ಚು. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಜಾಲಕ್ಕೆ ದಾಳಿಕೋರರು ಬಂದದ್ದು, ಯಾರೂ ಬಳಸದ ಒಂದು ಹಳೆಯ ವಿಪಿಎನ್ ಖಾತೆಯ ಮೂಲಕ. ಪಾಸ್‌ವರ್ಡ್ ಒಂದೇ ಸಾಕಾಗಿತ್ತು, ಎರಡನೇ ಹಂತದ ದೃಢೀಕರಣ ಇರಲಿಲ್ಲ. ಇಂಧನ ಸಾಗಿಸುವ ಪೈಪ್‌ಲೈನನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು.

ಆಮೇಲೆ ಅಡ್ಮಿನ್‌ಗಳ ಪಟ್ಟಿ. ಡೊಮೇನ್ ಅಡ್ಮಿನ್, ಅಂದರೆ ಇಡೀ ವಿಂಡೋಸ್ ಜಾಲದ ಮೇಲೆ ಅಧಿಕಾರ ಇರುವವರು, ಎಷ್ಟು ಜನ? ಒಂದೊಂದು ಹೆಸರು ಓದಿ, "ಇವರಿಗೆ ಯಾಕೆ ಬೇಕು?" ಎಂದು ಕೇಳಿ. ಹಲವರು ಹಂಚಿಕೊಳ್ಳುವ ಅಡ್ಮಿನ್ ಖಾತೆ ಇದ್ದರೆ, ನಾಳೆ ತಪ್ಪು ಯಾರು ಮಾಡಿದರೆಂದು ತಿಳಿಯುವುದೇ ಇಲ್ಲ. ತಂತ್ರಾಂಶಗಳು ತಾವಾಗಿ ಬಳಸುವ ಸರ್ವಿಸ್ ಖಾತೆಗಳಲ್ಲಿ ಎಷ್ಟಕ್ಕೆ ಅಡ್ಮಿನ್ ಹಕ್ಕಿದೆ ಎಂದು ನೋಡಿ. ಎಲ್ಲ ಕಂಪ್ಯೂಟರ್‌ಗಳ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಒಂದೇ ಇದ್ದರೆ, ಒಂದು ಬಿದ್ದರೆ ಎಲ್ಲವೂ ಬಿದ್ದಂತೆ.

ಪಾಸ್‌ವರ್ಡ್ ಪ್ರತಿ ತಿಂಗಳು ಬದಲಿಸಬೇಕು ಎಂಬ ನಿಯಮ ಕಂಡರೆ ಹೊಗಳಬೇಡಿ. ಎನ್ಐಎಸ್‌ಟಿ ಕೂಡ ಅದನ್ನು ಬೇಡ ಎನ್ನುತ್ತದೆ. ಜನ ಕೊನೆಯ ಅಂಕೆ ಒಂದನ್ನು ಏರಿಸಿ ಸುಮ್ಮನಾಗುತ್ತಾರೆ. ಉದ್ದನೆಯ ಪಾಸ್‌ವರ್ಡ್, ಸೋರಿಕೆಯಾದವುಗಳ ಪಟ್ಟಿಯ ಜೊತೆ ಹೋಲಿಕೆ, ಎರಡನೇ ಹಂತದ ದೃಢೀಕರಣ, ಇವು ಇವೆಯಾ ನೋಡಿ.

ಹಂತ 9: ವೈಫೈ, ಇಮೇಲ್, ಸರ್ವರ್ ಕೋಣೆ

ಈ ಮೂರಕ್ಕೆ ಒಂದು ದಿನ ಸಾಕು. ವೈಫೈ ಭದ್ರತೆ ಕನಿಷ್ಠ ಡಬ್ಲ್ಯೂಪಿಎ2, ಸಾಧ್ಯವಾದರೆ ಡಬ್ಲ್ಯೂಪಿಎ3 ಇರಲಿ. ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಬಂದ್ ಇರಬೇಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ, ಕೊನೆಯ ಸಲ ಬದಲಿಸಿದ್ದು ಯಾವಾಗ, ಆಮೇಲೆ ಎಷ್ಟು ಜನ ಕೆಲಸ ಬಿಟ್ಟರು ಎಂದು ಕೇಳಿ. ಇಮೇಲ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆ ನೋಡಿ, ನಿಮ್ಮ ಹೆಸರಿನ ನಕಲಿ ಮೇಲ್ ಗುರುತಿಸಲು ಇರುವುದು ಇವು. ಡಿಮಾರ್ಕ್ ಇದೆ, ಆದರೆ "ಏನೂ ಮಾಡಬೇಡ" ಎಂಬ ಸ್ಥಿತಿಯಲ್ಲೇ ವರ್ಷಗಟ್ಟಲೆ ಇದೆ ಎಂದರೆ, ನಕಲಿ ಮೇಲ್‌ಗೆ ಅದರಿಂದ ತಡೆಯಿಲ್ಲ.

ಸರ್ವರ್ ಕೋಣೆಗೆ ಹೇಳದೆ ಹೋಗಿ. ಬಾಗಿಲು ಹಾಕಿದೆಯಾ? ಕೀಲಿ ಯಾರ ಬಳಿ? ಒಳಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಶಿಫಾರಸಿನ ಉಷ್ಣಾಂಶ. ಯುಪಿಎಸ್ ಬ್ಯಾಟರಿ ಹಾಕಿದ ತಾರೀಖು ಓದಿ. ರಟ್ಟಿನ ಡಬ್ಬಗಳನ್ನು ಅಲ್ಲಿ ಪೇರಿಸಿದ್ದರೆ ಫೋಟೋ ತೆಗೆಯಿರಿ.

ಹಂತ 10: ಲಾಗ್ ಇದೆ, ನೋಡುವವರು ಇದ್ದಾರಾ

ಲಾಗ್ ಅದೇ ಯಂತ್ರದಲ್ಲಿ ಮಾತ್ರ ಇದ್ದರೆ, ಒಳಬಂದವರು ಮೊದಲು ಅಳಿಸುವುದು ಅದನ್ನೇ. ಬೇರೆ ಸರ್ವರ್‌ಗೆ ಹೋಗುತ್ತಿದೆಯಾ ಖಚಿತಪಡಿಸಿ. ಎಲ್ಲ ಯಂತ್ರಗಳ ಗಡಿಯಾರ ಎನ್‌ಟಿಪಿ ಮೂಲಕ ಒಂದೇ ಇರಬೇಕು. ಫೈರ್‌ವಾಲ್ ಗಡಿಯಾರ ಏಳು ನಿಮಿಷ ಮುಂದಿದ್ದರೆ, ಘಟನೆಗಳನ್ನು ಸಾಲಾಗಿ ಜೋಡಿಸುವುದು ನರಕ.

ಇನ್ನು ನಿಜವಾದ ಪರೀಕ್ಷೆ. ಹಿರಿಯರೊಬ್ಬರಿಗೆ ಮಾತ್ರ ತಿಳಿಸಿ, ಒಂದು ಅಡ್ಮಿನ್ ಖಾತೆಗೆ ಬೇಕೆಂದೇ ಇಪ್ಪತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿ. ಖಾತೆ ಲಾಕ್ ಆದರೆ ಕೆಲಸ ನಿಲ್ಲದಂಥ ಖಾತೆ ಆರಿಸಿ. ಸಮಯ ಬರೆದುಕೊಂಡು ಕಾಯಿರಿ. ಯಾರಾದರೂ ಫೋನ್ ಮಾಡಿದರಾ? ಎಷ್ಟು ಹೊತ್ತಿಗೆ? ಸಂಜೆಯಾದರೂ ಯಾರೂ ಕೇಳದಿದ್ದರೆ, ಲಾಗ್ ವ್ಯವಸ್ಥೆಗೆ ಎಷ್ಟೇ ಹಣ ಹಾಕಿದ್ದರೂ ಫಲಿತಾಂಶ ಅದೇ, ಹಾಗೇ ಬರೆಯಿರಿ.

ಹಂತ 11: ಬ್ಯಾಕಪ್‌ನಿಂದ ಒಂದು ಫೈಲ್ ತೆಗೆಸಿ

ನನ್ನ ಮಟ್ಟಿಗೆ ಇಡೀ ಆಡಿಟ್‌ನಲ್ಲಿ ಬಿಡಲೇಬಾರದ ಹಂತ ಇದು. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಹುಡುಕಿದರೆ, ಮಾಮೂಲಿ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಎಂದು ತಿಳಿಸುವ ಇಮೇಲ್‌ಗಳು ಡಿಮಾರ್ಕ್ ತಪಾಸಣೆಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದ ಒಂದು ನಕಲು ಇತ್ತು. ಆ ಕಂಪನಿ ಇದನ್ನೆಲ್ಲ ತಾನೇ ಬಿಚ್ಚಿ ಬರೆಯಿತು, ಅದಕ್ಕೆ ಗೌರವ ಸಲ್ಲಬೇಕು.

ಮಾಡಬೇಕಾದದ್ದು ಹೀಗೆ. ಕಳೆದ ಮೂರು ತಿಂಗಳಲ್ಲಿ ಒಂದು ತಾರೀಖು ನೀವೇ ಹೇಳಿ. ಒಂದು ಮುಖ್ಯ ಡೇಟಾಬೇಸ್, ಒಂದು ಸಾಮಾನ್ಯ ಫೈಲ್ ಆರಿಸಿ. ಬೇರೆ ಯಂತ್ರಕ್ಕೆ ವಾಪಸ್ ತರಿಸಿ. ಕೈಗಡಿಯಾರ ನೋಡಿ ಸಮಯ ಬರೆಯಿರಿ. ಫೈಲ್ ತೆರೆಯುತ್ತದಾ? ಡೇಟಾಬೇಸ್‌ನಲ್ಲಿ ಆ ದಿನದ ದಾಖಲೆಗಳು ಇವೆಯಾ? ಆಮೇಲೆ ಆಡಳಿತದವರನ್ನು ಕೇಳಿ, "ಎಷ್ಟು ಗಂಟೆ ನಿಂತರೆ ತಡೆದುಕೊಳ್ಳುತ್ತೀರಿ?" ಅವರು ನಾಲ್ಕು ಗಂಟೆ ಎಂದು, ವಾಪಸ್ ತರಲು ಹತ್ತೊಂಬತ್ತು ಗಂಟೆ ಹಿಡಿದಿದ್ದರೆ, ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯಿರಿ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ, ಇದು ಹಳೆಯ 3-2-1 ನಿಯಮ. ಈಗ ಇನ್ನೊಂದು ಸೇರಿಸಿಕೊಳ್ಳಿ: ಡೊಮೇನ್ ಅಡ್ಮಿನ್ ಖಾತೆಯಿಂದ ಅಳಿಸಲಾಗದ ಒಂದು ಪ್ರತಿ. ನಕಲು ಎಲ್ಲವೂ ಬ್ಯಾಕಪ್ ಅಲ್ಲ ಎಂಬುದನ್ನೂ ವಿವರಿಸಿ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಹೊಡೆದಾಗ ಮಾರ್ಸ್ಕ್ ಹಡಗು ಕಂಪನಿಯ ಡೊಮೇನ್ ಕಂಟ್ರೋಲರ್‌ಗಳು (ಜಾಲದ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್‌ಗಳು) ಒಂದಕ್ಕೊಂದು ನಕಲಾಗಿದ್ದವು, ಒಟ್ಟಿಗೇ ಅಳಿಸಿಹೋದವು. ಘಾನಾದಲ್ಲಿ ಕರೆಂಟ್ ಹೋಗಿ ಜಾಲದಿಂದ ಹೊರಗಿದ್ದ ಒಂದೇ ಒಂದು ಉಳಿದಿತ್ತು.

ಹಂತ 12: ವರದಿ

"ಭದ್ರತೆ ದುರ್ಬಲವಾಗಿದೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "ಫೈರ್‌ವಾಲ್ ನಿಯಮ 43, ಇಂಟರ್ನೆಟ್‌ನಿಂದ ಲೆಕ್ಕಪತ್ರ ಸರ್ವರ್‌ನ 3389ನೇ ಪೋರ್ಟ್ ತೆರೆದಿದೆ. ಸಾಕ್ಷಿ: ಕಾನ್ಫಿಗರೇಶನ್ ಫೈಲ್‌ನ ಸಾಲು, ಹೊರಗಿನ ಸ್ಕ್ಯಾನ್, ಸರ್ವರ್ ಲಾಗ್. ಏನಾಗಬಹುದು: ಪಾಸ್‌ವರ್ಡ್ ಊಹಿಸಿದವರು ಸರ್ವರನ್ನೇ ಹಿಡಿಯಬಹುದು. ಪರಿಹಾರ: ನಿಯಮ ತೆಗೆಯುವುದು, ಹೊರಗಿನವರಿಗೆ ದೃಢೀಕರಣ ಇರುವ ವಿಪಿಎನ್. ಹೊಣೆ: ನೆಟ್‌ವರ್ಕ್ ತಂಡ. ಗಡುವು: ಇಂದೇ." ಪ್ರತಿ ವಿಷಯಕ್ಕೂ ಇಷ್ಟು ಇರಲಿ.

ಜನರ ಹೆಸರು ಬರೆಯಬೇಡಿ, ಪಾತ್ರ ಬರೆಯಿರಿ. ಕರಡನ್ನು ಮೊದಲು ಐಟಿ ತಂಡಕ್ಕೆ ತೋರಿಸಿ. ನೀವು ತಪ್ಪಾಗಿ ಅರ್ಥಮಾಡಿಕೊಂಡದ್ದು ಅಲ್ಲೇ ಗೊತ್ತಾಗುತ್ತದೆ. ಎಷ್ಟೋ ಕಡೆ ಆ ತಂಡ ವರ್ಷಗಳಿಂದ ಕೇಳುತ್ತಿದ್ದ ಹಣ, ಜನ ಎರಡೂ ಸಿಕ್ಕಿರುವುದಿಲ್ಲ. ಅದೂ ಒಂದು ಸಾಕ್ಷಿಯೇ, ವರದಿಗೆ ಸೇರಿಸಿ. ಚೆನ್ನಾಗಿರುವುದನ್ನೂ ಬರೆಯಿರಿ. ಮೊದಲ ಪುಟ ಆಡಳಿತದವರಿಗೆ, ಒಂದೇ ಪುಟ, ತಾಂತ್ರಿಕ ಪದ ಇಲ್ಲದೆ.

ಹಂತ 13: ವಾಪಸ್ ಹೋಗಿ ನೋಡಿ

ಗಂಭೀರವಾದವಕ್ಕೆ 30 ದಿನ, ಉಳಿದವಕ್ಕೆ 90 ದಿನ ಎಂದು ಮೊದಲೇ ಒಪ್ಪಿಕೊಂಡಿರಿ. "ಮುಗಿದಿದೆ" ಎಂಬ ಇಮೇಲ್ ಸಾಕ್ಷಿಯಲ್ಲ. ಮೊದಲು ಯಾವ ಪರೀಕ್ಷೆಯಿಂದ ದೋಷ ಸಿಕ್ಕಿತ್ತೋ ಅದೇ ಪರೀಕ್ಷೆ ಮತ್ತೆ ಮಾಡಿ.

ಆ 43ನೇ ನಿಯಮದ ಜಾಗಕ್ಕೆ ನಾನು 30ನೇ ದಿನ ವಾಪಸ್ ಹೋದೆ. ನಿಯಮ ಪಟ್ಟಿಯಲ್ಲಿ ಇರಲಿಲ್ಲ, ಹೊರಗಿನಿಂದ ಐಪಿವಿ4 ಸ್ಕ್ಯಾನ್ ಮಾಡಿದರೆ 3389 ಮುಚ್ಚಿತ್ತು. ಐಪಿವಿ6 ವಿಳಾಸಕ್ಕೆ ಅದೇ ಸ್ಕ್ಯಾನ್ ಮಾಡಿದೆ. ತೆರೆದಿತ್ತು. ತಂಡದ ಹುಡುಗಿ ನನ್ನ ಪಕ್ಕದಲ್ಲೇ ಕೂತು ಆ ನಿಯಮವನ್ನೂ ತೆಗೆದಳು, ಇಬ್ಬರೂ ಸೇರಿ ಇನ್ನೊಮ್ಮೆ ಸ್ಕ್ಯಾನ್ ಓಡಿಸಿದೆವು. ಎರಡೂ ಫಲಿತಾಂಶಗಳನ್ನು ಸಮಯದ ಸಮೇತ ಕಡತಕ್ಕೆ ಸೇರಿಸಿ, ಆಮೇಲೆ ಆ ಸಾಲಿನ ಮುಂದೆ "ಮುಗಿದಿದೆ" ಎಂದು ಬರೆದೆ.